ತಡಕ್ಕೆ ಮೂರು ಮೆಟ್ಟಿಲು

ಮಾನ್ಯ ಓದುಗರೇ,

ಮೊಟ್ಟಮೊದಲಿಗೆ ತಮ್ಮಲ್ಲಿ ಕ್ಷಮೆ ಕೋರುತ್ತೇನೆ. ನನ್ನ ಕೈಬರಹ ಚೆನ್ನಾಗಿಲ್ಲ. ಇಪ್ಪತ್ತಾರು ವರ್ಷಗಳಿಂದ ಮೊದಲು ಬೆರಳಚ್ಚು ಯಂತ್ರದ ಮುಂದೆ, ಆಮೇಲೆ ಕಂಪ್ಯೂಟರಿನ ಮುಂದೆ ಕುಳಿತು ಬಂದ ಬೆರಳುಗಳಿವು. ಒಂದು ಪೆನ್ನು ಕೊಟ್ಟರೆ ಹತ್ತೂ ಬೆರಳುಗಳು ಒಟ್ಟಿಗೆ ಕರ್ತವ್ಯಕ್ಕೆ ಹಾಜರಾಗಲು ನೋಡುತ್ತವೆ. ಕಾಗುಣಿತದ ವಿಷಯದಲ್ಲಿಯೂ, ಅದರಲ್ಲೂ ಮಹಾಪ್ರಾಣಗಳ ವಿಷಯದಲ್ಲಿ, ನನ್ನ ಮೇಲೆ ಪೂರ್ಣ ಭರವಸೆ ಇಡಬಾರದಾಗಿ ವಿನಂತಿ. ಹಾಗಿದ್ದಲ್ಲಿ ಟೈಪ್ ಮಾಡಿಯೇ ಕಳಿಸಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕರಡು ಎಂಬುದನ್ನು ಕೈಯಿಂದಲೇ ಬರೆಯಬೇಕೆಂದು ನನಗೆ ಹಿರಿಯರೊಬ್ಬರ ಸೂಚನೆ ಇದೆ. ಆ ಹಿರಿಯರ ವಿಷಯವೇ ಈ ಬರಹದ ವಿಷಯವೂ ಆಗಿರುವುದರಿಂದ ಸೂಚನೆಯನ್ನು ಮೀರುವಂತಿಲ್ಲ.

ವಿಷಯ: ಎರಡು ದಿನಕ್ಕೆಂದು ಎರವಲು ಪಡೆದ ನೋಟ್ ಪುಸ್ತಕವನ್ನು ಇಪ್ಪತ್ತಮೂರು ವರ್ಷಗಳ ನಂತರ ಹಿಂದಿರುಗಿಸುವ ಬಗ್ಗೆ.

ಉಲ್ಲೇಖ: ನಮ್ಮ ಮನೆಯ ಅಟ್ಟದ ಮೇಲಿನ ತಗಡಿನ ಟ್ರಂಕು.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ, ನಾನು ಲೇಖಕಿಯಲ್ಲ. ನ್ಯಾಮತಿಯ ಒಂದು ಕಚೇರಿಯಲ್ಲಿ ಪ್ರಥಮ ದರ್ಜೆ ಸಹಾಯಕಿ. ಪತ್ರಗಳನ್ನು ಬಿಟ್ಟು ಬೇರೇನನ್ನೂ ಬರೆದವಳಲ್ಲ. ಆ ಪತ್ರಗಳಲ್ಲಿಯೂ ನನ್ನ ಸ್ವಂತದವು ಕಡಿಮೆ, ‘ಆದೇಶಾನುಸಾರ’ ಬರೆದವೇ ಹೆಚ್ಚು. ಆದಕಾರಣ ಈ ಬರಹದಲ್ಲಿ ಅಲ್ಲಲ್ಲಿ ಕಡತದ ವಾಸನೆ ಬಂದಲ್ಲಿ ದಯವಿಟ್ಟು ಸಹಿಸಿಕೊಳ್ಳಬೇಕು.

ಹೋದ ತಿಂಗಳು ಚಳಿ ಹೆಚ್ಚಾಯಿತೆಂದು, ನನ್ನ ತಾಯಿ ಹೊಲಿದ ಕೌದಿಯನ್ನು ಹೊರತೆಗೆಯಲು ಟ್ರಂಕನ್ನು ಇಳಿಸಿದೆ. ಕೌದಿಯ ಮಡಿಕೆ ಬಿಚ್ಚಿದಾಗ ಒಳಗೆ ಉದ್ದನೆಯ ಒಂದು ನೋಟ್ ಪುಸ್ತಕವಿತ್ತು. ಕೆಂಪು ಬಟ್ಟೆಯ ಬೆನ್ನು, ಮೇಲೆ ಅಂಟಿಸಿದ ಚೀಟಿ, ಚೀಟಿಯಲ್ಲಿ ದುಂಡನೆಯ ಅಕ್ಷರ: ‘ಕರಡು ಮಾದರಿಗಳು. ವೀರಭದ್ರಯ್ಯ, ಹೆಡ್ ಕ್ಲಾರ್ಕ್.’ ಅದನ್ನು ಕಂಡೊಡನೆ ನನಗೆ ಚಳಿ ಬಿಟ್ಟಿತು, ಬೆವರು ಬಂತು. ಪುಸ್ತಕ ಅಲ್ಲಿರುವುದನ್ನು ನಾನು ಮರೆತಿದ್ದೆನೆಂದು ಹೇಳಿದರೆ ಸುಳ್ಳು ಹೇಳಿಕೆಯಾಗುತ್ತದೆ. ಮರೆತವಳಂತೆ ಇರುವುದನ್ನು ರೂಢಿ ಮಾಡಿಕೊಂಡಿದ್ದೆ, ಅಷ್ಟೇ.

ಹಿನ್ನೆಲೆಯನ್ನು ನಿವೇದಿಸಿಕೊಳ್ಳುತ್ತೇನೆ. ನಾನು ಕೆಲಸಕ್ಕೆ ಸೇರಿದ್ದು ಜಗಳೂರಿನ ಒಂದು ಚಿಕ್ಕ ಕಚೇರಿಯಲ್ಲಿ, ಬೆರಳಚ್ಚುಗಾರ್ತಿಯಾಗಿ. ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಕೆಲಸಕ್ಕೆ ಹೋದವರಲ್ಲಿ ನಾನೇ ಮೊದಲಿಗಳು. ಮೊದಲ ದಿನ ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ನಾನು ಕುರ್ಚಿಯ ತುದಿಯಲ್ಲಿಯೇ ಕುಳಿತಿದ್ದೆ. ಹೆಡ್ ಕ್ಲಾರ್ಕ್ ವೀರಭದ್ರಯ್ಯನವರು ಕನ್ನಡಕದ ಮೇಲಿನಿಂದ ನೋಡಿ, “ರತ್ನಮ್ಮಾರೆ, ಆ ಕುರ್ಚಿ ಪೂರಾ ನಿಮ್ದೇ ಐತೆ. ಹಿಂದ್ಲ ಭಾಗಕ್ಕೂ ಆರ್ಡರ್ ಆಗೈತೆ, ಆರಾಮಾಗಿ ಒರಗ್ರಿ,” ಎಂದರು. ನಾನು ಒರಗಿದೆ. ಆ ದಿನದಿಂದ ಅವರ ಮಾತೆಂದರೆ ನನಗೆ ಸುತ್ತೋಲೆಯಿದ್ದಂತೆ.

ಅವರ ಆ ನೋಟ್ ಪುಸ್ತಕದಲ್ಲಿ ನೂರಾರು ಪತ್ರಗಳ ಮಾದರಿಗಳಿದ್ದವು. ರಜೆ ಕೇಳುವುದು ಹೇಗೆ, ರಜೆ ಕೊಡದಿರುವುದು ಹೇಗೆ, ಬಾರದ ಉತ್ತರವನ್ನು ಬರಿಸುವುದು ಹೇಗೆ, ಬಂದ ಉತ್ತರ ಬರಲಿಲ್ಲವೆಂದು ತಿಳಿಸುವುದು ಹೇಗೆ. ಅದರಲ್ಲಿ ನಾನು ಬಾಯಿಪಾಠ ಮಾಡಿದ ಪುಟ ಒಂದೇ. ಅದರ ತಲೆಬರಹ ‘ತಡದ ಮೆಟ್ಟಿಲುಗಳು’. ಬೇರೆ ಕಚೇರಿಯವರು ಒಂದು ಪತ್ರಕ್ಕೆ ಉತ್ತರಿಸದೆ ಕುಳಿತರೆ ಜ್ಞಾಪನ ಪತ್ರ ಕಳಿಸುವುದು ಪದ್ಧತಿ. ವ್ಯವಹಾರವೆಲ್ಲ ಕನ್ನಡದಲ್ಲಿ ನಡೆಯುತ್ತಿದ್ದರೂ ಜ್ಞಾಪನವನ್ನು ಮಾತ್ರ ಅವರು ಇಂಗ್ಲಿಷಿನಲ್ಲಿ ಬರೆಸುತ್ತಿದ್ದರು. ಕಾರಣ ಕೇಳಿದಾಗ, “ಕನ್ನಡದಾಗೆ ಬೈದ್ರೆ ಮನಸಿಗೆ ಹತ್ತುತೈತೆ. ಇಂಗ್ಲಿಷ್‌ನಾಗೆ ಬೈದ್ರೆ ಫೈಲಿಗೆ ಮಾತ್ರ ಹತ್ತುತೈತೆ. ನಾಳೆ ಅವ್ರ ಮುಖ ನಾವು ನೋಡ್ಬೇಕಲ್ಲ,” ಎಂದರು.

ಮೆಟ್ಟಿಲುಗಳು ಮೂರು. ಮೊದಲನೆಯ ಜ್ಞಾಪನದಲ್ಲಿ ವಿಷಯವು ‘ಫೇರ್ಲಿ ಲಾಂಗ್’ ಸಮಯದಿಂದ ಬಾಕಿ ಇದೆ ಎನ್ನಬೇಕು. ಅದರ ಎದುರಿಗೆ ಅವರು ಕನ್ನಡದಲ್ಲಿ ಷರಾ ಬರೆದಿದ್ದರು: ‘ತಕ್ಕಷ್ಟು ದಿನವಾಗಿದೆ, ಆದರೂ ನಾವು ನಗುತ್ತಿದ್ದೇವೆ.’ ಎರಡನೆಯದರಲ್ಲಿ ‘ಅನ್‌ಡ್ಯೂಲಿ ಲಾಂಗ್’. ಷರಾ: ‘ಇಷ್ಟು ದಿನ ಆಗಬಾರದಿತ್ತು, ನಗು ನಿಲ್ಲಿಸಿದ್ದೇವೆ.’ ಮೂರನೆಯದು ‘ಇನಾರ್ಡಿನೇಟ್ಲಿ ಲಾಂಗ್’. ಷರಾ: ‘ಮಿತಿ ಮೀರಿದೆ. ಇದರ ಮೇಲೆ ಮೆಟ್ಟಿಲಿಲ್ಲ. ಹತ್ತುವ ಮುನ್ನ ಮೂರು ಸಲ ಯೋಚಿಸುವುದು.’

ಇದರಲ್ಲಿ ನನಗೆ ಸೋಜಿಗವೆನಿಸಿದ್ದು ಒಂದು ಸಂಗತಿ. ತಿಂಗಳು ಅದೇ ತಿಂಗಳು, ದಿನ ಅವೇ ಮೂವತ್ತು. ಆದರೆ ‘ಲಾಂಗ್’ ಎಂಬುದರ ಮುಂದೆ ಯಾವ ಪದವನ್ನು ನಿಲ್ಲಿಸುತ್ತೀರೋ ಅದರಂತೆ ಆ ಮೂವತ್ತು ದಿನ ಹಿಗ್ಗುತ್ತವೆ ಅಥವಾ ಕುಗ್ಗುತ್ತವೆ. ಆ ಪದಗಳು ದಿನಗಳನ್ನು ಅಳೆಯುವುದಿಲ್ಲ. ಕಾದು ಕುಳಿತವರ ಮುಖವನ್ನು ತೋರಿಸುತ್ತವೆ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಪಕ್ಕದ ಕಚೇರಿಯವರು ಯಾವುದೋ ಸಭೆಗೆಂದು ನಮ್ಮ ಎರಡು ಕಬ್ಬಿಣದ ಕುರ್ಚಿಗಳನ್ನು ಒಯ್ದಿದ್ದರು. ಹದಿನೈದು ದಿನವಾದರೂ ಬರಲಿಲ್ಲ. ಒಂದು ಜ್ಞಾಪನ ಹೊಡೆಯಿರಿ ಎಂದು ವೀರಭದ್ರಯ್ಯನವರು ಹೇಳಿ ಊಟಕ್ಕೆ ಹೋದರು. ನನಗೋ ‘ಇನಾರ್ಡಿನೇಟ್ಲಿ’ ಎಂಬ ಪದದ ಮೇಲೆ ಬಹಳ ಮೋಹ. ಟೈಪಿಂಗ್ ಪರೀಕ್ಷೆಗೆ ಕಲಿತ ಅಷ್ಟೂ ಬೆರಳುಗಳಿಗೆ ಅದರಲ್ಲಿ ಕೆಲಸವಿತ್ತು; ಹೊಡೆಯುವಾಗ ಯಂತ್ರವೇ ಇಂಗ್ಲಿಷ್ ಮಾತಾಡಿದಂತೆ ಕೇಳುತ್ತಿತ್ತು. ಮೊದಲನೆಯ ಜ್ಞಾಪನದಲ್ಲಿಯೇ ಅದನ್ನು ಹೊಡೆದು, ಸಹಿ ಹಾಕುವ ಕಾಗದಗಳ ನಡುವೆ ಇಟ್ಟು ಕಳಿಸಿಬಿಟ್ಟೆ.

ಅದೇ ಸಂಜೆ ಪಕ್ಕದ ಕಚೇರಿಯ ಗುಮಾಸ್ತರು ಬಿಸಿಲಿನಲ್ಲಿ ತಾವೇ ಕುರ್ಚಿ ಹೊತ್ತು ತಂದರು. ಎರಡಲ್ಲ, ಆರು. ಒಂದಾದ ಮೇಲೊಂದರಂತೆ ನಮ್ಮ ಬಾಗಿಲಲ್ಲಿ ಜೋಡಿಸಿ, “ನಿಮ್ಮವು ಎಳ್ಡು. ಉಳಿದ ನಾಕು ನಮ್ಮ ಕಡೆಯಿಂದ ದಂಡ. ಕುಂದ್ರಾಕೆ ನಮಗೇನು, ನೆಲ ಐತೆ,” ಎಂದು ಹೇಳಿ ತಿರುಗಿ ನೋಡದೆ ಹೋದರು. ಆ ಕಚೇರಿಯಿಂದ ನಮಗೆ ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದ ಚಹಾದ ಕೆಟಲ್ ಮರುದಿನದಿಂದ ನಿಂತುಹೋಯಿತು. ಎರಡೂ ಕಚೇರಿಗಳ ನಡುವೆ ಅದೊಂದೇ ಕೆಟಲ್ ಇದ್ದದ್ದು.

ವೀರಭದ್ರಯ್ಯನವರು ಕಚೇರಿ ಪ್ರತಿಯನ್ನು ತರಿಸಿ ಓದಿದರು. ಬೈಯಲಿಲ್ಲ. “ರತ್ನಮ್ಮಾರೆ, ಮೊದಲ್ನೇ ಕಾಗದ್ದಾಗೇ ಕಡೇ ಮಾತು ಆಡಿದ್ರೆ ಆಮೇಲೆ ಏನ್ ಆಡ್ತೀರಿ?” ಎಂದಷ್ಟೇ ಕೇಳಿದರು.

“ತಪ್ಪಾತು ಸರ್. ಪದ ಚೆಂದ ಐತೆ ಅಂತ...”

“ಚೆಂದೇನೋ ಐತೆ. ಚೆಂದ ಅಂತ ಕೊಡ್ಲಿ ತಗಂಡು ಹೂವು ಬಿಡ್ಸಾಕೆ ಆಗ್ತೈತಾ? ಹೋಗ್ರಿ, ಆ ನಾಕು ಕುರ್ಚಿ ಜೊತಿಗೆ ನೀವೂ ಹೋಗಿ ಕೊಟ್ಟು ಬರ್ರಿ.”

ನಾನು ಹೋಗಿ ಕೊಟ್ಟು ಬಂದೆ. ಕೆಟಲ್ ಮಾತ್ರ ಹನ್ನೆರಡು ದಿನಗಳ ನಂತರವೇ ಬಂದದ್ದು. ಆ ಹನ್ನೆರಡು ದಿನಗಳು ನಿಜಕ್ಕೂ ಮೂರನೆಯ ಮೆಟ್ಟಿಲಿನವಾಗಿದ್ದವು ಎಂದು ಸಹೋದ್ಯೋಗಿಗಳು ಬಹಳ ಕಾಲ ನನ್ನನ್ನು ಚುಚ್ಚುತ್ತಿದ್ದರು.

ಇಲ್ಲಿ ವಿಷಯಾಂತರಕ್ಕೆ ಅನುಮತಿ ಕೋರುತ್ತೇನೆ. ನನ್ನ ತವರು ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆ. ಅಲ್ಲಿ ನನ್ನ ತಾಯಿ ನಾಟಿ ಕೆಲಸಕ್ಕೆ ಹೋಗುವಾಗ ನಾನೂ ಬದುವಿನ ಮೇಲೆ ಕುಳಿತಿರುತ್ತಿದ್ದೆ. ಹೆಂಗಸರು ಮೊಣಕಾಲುದ್ದದ ಕೆಸರಿನಲ್ಲಿ ಸಾಲಾಗಿ ಬಾಗಿ, ಕೈ ಸಸಿ ನೆಡುತ್ತಿದ್ದಂತೆ ಬಾಯಿ ಊರ ಸುದ್ದಿ ನೆಡುತ್ತಿತ್ತು. ನನ್ನ ತಾಯಿಗೆ ಇಂಗ್ಲಿಷ್ ಬಾರದು. ಆದರೆ ಎಷ್ಟು ದಿನವಾಯಿತೆಂಬುದನ್ನು ಹೇಳುವುದರಲ್ಲಿ ಆಕೆ ಯಾವ ಹೆಡ್ ಕ್ಲಾರ್ಕಿಗೂ ಕಡಿಮೆಯಿರಲಿಲ್ಲ. “ಬಾಳ ದಿನ ಆತು” ಎಂಬ ಮಾತಿನಲ್ಲಿ ‘ಬಾ’ ಎಂಬುದನ್ನು ಎಷ್ಟು ಎಳೆಯುತ್ತಾಳೆ ಎಂಬುದರ ಮೇಲೆ ಎಲ್ಲವೂ ನಿಂತಿತ್ತು. ಪಕ್ಕದ ಮನೆಯವಳು ತವರಿಗೆ ಹೋಗಿ ತಿಂಗಳಾಗಿದ್ದರೆ ಆ ‘ಬಾ’ ಮುಗಿಯುವುದರೊಳಗೆ ಎರಡು ಸಸಿ. ಮೂಗುತಿ ಕಳೆದು ವರ್ಷವಾಗಿದ್ದರೆ ನಾಲ್ಕು ಸಸಿ. ಜಗಳೂರು ಕಡೆಯ ಸೊಕ್ಕೆಯಲ್ಲಿ ಆಕೆಯ ಅಣ್ಣನಿದ್ದ. ಮುನಿಸಿಕೊಂಡು ಬರುವುದನ್ನು ಬಿಟ್ಟಿದ್ದ. ಆತನ ಮಾತು ಬಂದರೆ ನನ್ನ ತಾಯಿ, “ನಮ್ಮಣ್ಣ ಬಂದು ಬಾ...ಳ ದಿನ ಆತು ಕಣ್ರೇ” ಎನ್ನುವಷ್ಟರಲ್ಲಿ ಸಾಲಿನ ಈ ತುದಿಯಿಂದ ಆ ತುದಿಯವರೆಗೆ ನಾಟಿ ಮುಗಿಯುತ್ತಿತ್ತು. ಉಳಿದ ಹೆಂಗಸರು, “ನಿಮ್ಮಣ್ಣಂದು ಇನ್ನೊಂದ್ಸಲ ಹೇಳೇ, ಈ ಗದ್ದೆನೂ ಮುಗಿದೋಗ್ಲಿ,” ಎಂದು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು.

ಬೆರಳಚ್ಚು ಯಂತ್ರದಲ್ಲಿ ಆ ಎಳೆತಕ್ಕೆ ಕೀಲಿ ಇರಲಿಲ್ಲ. ವೀರಭದ್ರಯ್ಯನವರ ಮೆಟ್ಟಿಲುಗಳನ್ನು ಮೊದಲ ಬಾರಿ ಓದಿದಾಗ ನನಗೆ ಹೊಳೆದದ್ದು ಇದೇ. ಗಂಟಲಿನಲ್ಲಿ ಎಳೆಯಲಾಗದವರು ಎಳೆತದ ಬದಲಿಗೆ ಒಂದೊಂದು ಪದ ಮಾಡಿ ಮುಂದೆ ನಿಲ್ಲಿಸಿಕೊಂಡಿದ್ದಾರೆ. ‘ಫೇರ್ಲಿ’ ಎಂದರೆ ಎರಡು ಸಸಿ. ‘ಅನ್‌ಡ್ಯೂಲಿ’ ಎಂದರೆ ಅರ್ಧ ಸಾಲು. ‘ಇನಾರ್ಡಿನೇಟ್ಲಿ’ ಎಂದರೆ ನಮ್ಮ ಸೊಕ್ಕೆ ಮಾವ.

ಇನ್ನು ನನ್ನ ಯಜಮಾನರ ವಿಷಯ. ಅವರು ಮಂಜಪ್ಪನವರು, ಖಾಸಗಿ ಬಸ್ಸಿನ ಕಂಡಕ್ಟರ್. ಅವರ ಬಳಿ ಇರುವುದು ಒಂದೇ ಇಂಗ್ಲಿಷ್ ಪದ, ಅದು ‘ಜಸ್ಟ್’. ಎಷ್ಟೇ ಉದ್ದದ ಅವಧಿಯಾದರೂ ಅದರ ಮುಂದೆ ‘ಜಸ್ಟ್’ ಇಟ್ಟು ಅದನ್ನು ಮಡಚಿ ಜೇಬಿನಲ್ಲಿ ಹಾಕಿಕೊಳ್ಳುತ್ತಾರೆ. ಒಮ್ಮೆ ಅವರ ಬಸ್ಸಿನಲ್ಲಿ ನಾನೂ ಇದ್ದೆ. ಹೊನ್ನಾಳಿಯ ನಿಲ್ದಾಣದಲ್ಲಿ ಬಸ್ಸು ನಿಂತು ಬೇರುಬಿಟ್ಟಿತ್ತು. ಮುಂದಿನ ಸೀಟಿನ ಅಜ್ಜಿ, “ಏನಪಾ ಕಂಡಕ್ಟ್ರು, ಬಿಡಾದು ಯಾವಾಗ?” ಎಂದು ಕೇಳಿತು.

“ಜಸ್ಟ್ ಅರ್ಧ ತಾಸು ಕಣಜ್ಜಿ.”

“ಆವಾಗ್ಲೂ ಜಸ್ಟ್ ಅಂದೆ, ಈಗ್ಲೂ ಜಸ್ಟ್ ಅಂತೀಯ. ಜಸ್ಟ್ ಅಂದ್ರೆ ಇಂಗ್ಲಿಷ್‌ನಾಗೆ ಬಾಳ ಅಂತೇನಪಾ?”

ಇಡೀ ಬಸ್ಸು ನಕ್ಕಿತು. ನಾನು ಮಾತ್ರ ಆ ಕಂಡಕ್ಟರ್ ಯಾರೋ ಗೊತ್ತಿಲ್ಲವೆಂಬಂತೆ ಕಿಟಕಿಯ ಹೊರಗೆ ನೋಡಿದೆ. ನಮ್ಮ ಬಚ್ಚಲ ಬಾಗಿಲ ಚಿಲಕ ಮುರಿದಾಗಲೂ ಇದೇ ಕಥೆ. ಮೊದಲನೆಯ ಜ್ಞಾಪನ, ಎರಡನೆಯ ಜ್ಞಾಪನ ಎರಡನ್ನೂ ಕ್ರಮವಾಗಿ ಬಾಗಿಲಿಗೆ ಅಂಟಿಸಿದೆ. ಅವರು ಹರಿದ ಟಿಕೆಟ್ಟಿನ ಹಿಂದೆ ಉತ್ತರ ಬರೆದು ಕೆಳಗೆ ಸಿಕ್ಕಿಸಿದ್ದರು: ‘ಜಸ್ಟ್ ಎರಡು ತಿಂಗಳು ಆಗಿದೆ.’ ಮಗಳು ಸಿಂಚನಾಳದು ಹೊಸ ಕಾಲದ ಪದ. ಅವಳು ಹತ್ತು ನಿಮಿಷ ಕಾದರೂ “ಲಿಟ್ರಲಿ ನೂರು ವರ್ಷ ಆತು ಮಮ್ಮೀ” ಎನ್ನುತ್ತಾಳೆ. ಅಪ್ಪ ವರ್ಷವನ್ನು ನಿಮಿಷ ಮಾಡಿದರೆ ಮಗಳು ನಿಮಿಷವನ್ನು ಶತಮಾನ ಮಾಡುತ್ತಾಳೆ. ನಡುವೆ ನಾನು ಗಡಿಯಾರದಂತೆ ಸುಮ್ಮನೆ ಗೋಡೆಗೆ ಒರಗಿರುತ್ತೇನೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಕೆಲಸಕ್ಕೆ ಸೇರಿದ ಮೂರು ವರ್ಷಗಳ ನಂತರ ನನಗೆ ಜಗಳೂರಿನಿಂದ ಹೊನ್ನಾಳಿಗೆ ವರ್ಗವಾಯಿತು. ಹೊಸ ಜಾಗದಲ್ಲಿ ಕರಡು ಬರೆಯುವ ಕೆಲಸವೂ ಬೀಳುತ್ತದೆಂದು ಹೆದರಿ, ಹೊರಡುವ ದಿನ ಆ ನೋಟ್ ಪುಸ್ತಕವನ್ನು ಕೇಳಿದೆ. ಅದನ್ನು ಅವರು ಯಾರಿಗೂ ಕೊಟ್ಟವರಲ್ಲ. ನಮ್ಮ ಸಹೋದ್ಯೋಗಿ ನಾಗರಾಜ ಎರಡು ಸಲ ಕೇಳಿ ಎರಡು ಸಲವೂ ಬರಿಗೈಯಲ್ಲಿ ಹೋಗಿದ್ದ.

“ಎಷ್ಟು ದಿನಕ್ಕೆ?” ಎಂದರು.

“ಎರಡು ದಿನ ಸರ್. ಬರಕಂಡು ಬುಧವಾರ ತಂದು ಕೊಡ್ತೀನಿ.”

ಅವರು ಪುಸ್ತಕವನ್ನು ಒಂದು ಸಲ ಒರೆಸಿ ನನ್ನ ಕೈಗೆ ಕೊಟ್ಟರು. “ಕುರ್ಚಿ ಕೊಟ್ಟಂಗೆ ಕೊಡ್ತಿದೀನಿ ನೋಡ್ರಿ,” ಎಂದು ನಕ್ಕರು. ನಾಗರಾಜ ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ.

ಆ ಬುಧವಾರ ಹೊಸ ಕಚೇರಿಯಲ್ಲಿ ತಪಾಸಣೆ ಇತ್ತು. ಮುಂದಿನ ಬುಧವಾರ ಜ್ವರ. ಆಮೇಲೆ ಬಾಡಿಗೆ ಮನೆ ಹುಡುಕುವುದು, ಮದುವೆ, ಸಿಂಚನಾ ಹುಟ್ಟಿದ್ದು, ಬಾಣಂತನ, ನ್ಯಾಮತಿಗೆ ವರ್ಗ. ಮೊದಲ ತಿಂಗಳಲ್ಲಿ ಒಂದು “ಸಾರಿ ಸರ್” ಸಾಕಾಗುತ್ತಿತ್ತು. ವರ್ಷವಾದ ಮೇಲೆ ಒಂದು ಸಮಜಾಯಿಷಿ ಬೇಕಾಯಿತು. ಐದು ವರ್ಷವಾದ ಮೇಲೆ ಸಮಜಾಯಿಷಿಯೇ ನಾಚಿಕೊಳ್ಳುವಂತಾಯಿತು. ಪುಸ್ತಕದ ತೂಕ ಅಷ್ಟೇ ಇತ್ತು. ಅದನ್ನು ಎತ್ತುವ ನನ್ನ ಕೈ ಸೋಲುತ್ತಾ ಬಂತು. ಒಮ್ಮೆ ಹೊನ್ನಾಳಿಯ ಬಸ್ ನಿಲ್ದಾಣದಲ್ಲಿ ವೀರಭದ್ರಯ್ಯನವರು ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಿಂತಿದ್ದರು. ನಾನು ಕಬ್ಬಿನ ಹಾಲಿನ ಗಾಡಿಯ ಹಿಂದೆ ಅಡಗಿದೆ. ಗಾಡಿಯವನು, “ಎಷ್ಟು ಗ್ಲಾಸ್ ಅಕ್ಕಾ?” ಎಂದು ಕೇಳುತ್ತಲೇ ಇದ್ದ. ಅವರು ಬಸ್ಸು ಹತ್ತುವವರೆಗೆ ಮೂರು ಗ್ಲಾಸು ಕುಡಿದೆ. ಸರ್ಕಾರಿ ನೌಕರಳೊಬ್ಬಳು ಹಾಗೆ ನಡೆದುಕೊಳ್ಳಬಾರದಿತ್ತು.

ನಿಜವಾದ ಪೆಟ್ಟು ಬಿದ್ದದ್ದು ಹೋದ ವರ್ಷ, ಒಂದು ಮದುವೆ ಮನೆಯಲ್ಲಿ. ನಾಗರಾಜ ಊಟದ ಸಾಲಿನಲ್ಲಿ ಸಿಕ್ಕಿದ. ವೀರಭದ್ರಯ್ಯನವರು ನಿವೃತ್ತರಾಗಿ ನಲ್ಲೂರಿನಲ್ಲಿ ಸೊಸೆಯ ಝೆರಾಕ್ಸ್ ಅಂಗಡಿಯಲ್ಲಿ ಕುಳಿತಿರುತ್ತಾರೆಂದು ತಿಳಿಸಿ, ಹೋಳಿಗೆ ಮುರಿಯುತ್ತಾ, “ಮೊದ್ಲಿನಂಗಿಲ್ಲ ಬಿಡು ರತ್ನಮ್ಮ. ಈಗ ಒಂದು ಪೆನ್ನು ಕೇಳಿದ್ರೂ ಕೊಡಂಗಿಲ್ಲ. ಯಾರೋ ಒಬ್ರು ಪುಸ್ತಕ ಒಯ್ದು ಕೊಡ್ಲಿಲ್ವಲ್ಲ, ಆವಾಗಿಂದ,” ಎಂದ. ನನ್ನ ಎಲೆಯಲ್ಲಿದ್ದ ಹೋಳಿಗೆ ಎಲೆಯಲ್ಲಿಯೇ ಉಳಿಯಿತು. ಪುಸ್ತಕ ಇಟ್ಟುಕೊಂಡದ್ದಕ್ಕೆ ಕ್ಷಮೆ ಕೇಳಬಹುದು. ಕುರ್ಚಿ ಪೂರಾ ನಿಮ್ಮದೇ ಎಂದು ಹೇಳಿದ ಮನುಷ್ಯನ ಕೊಡುವ ಕೈಯನ್ನೇ ನಾನು ಮುಚ್ಚಿಸಿದ್ದರೆ ಅದಕ್ಕೆ ಯಾವ ನಮೂನೆಯಲ್ಲಿ ಅರ್ಜಿ ಹಾಕುವುದು? ಅದಾದ ಮೇಲೆ ಟ್ರಂಕಿನ ಕಡೆ ನೋಡುವುದನ್ನೂ ಬಿಟ್ಟೆ. ಚಳಿ ಬಾರದಿದ್ದರೆ ಈಗಲೂ ನೋಡುತ್ತಿರಲಿಲ್ಲ.

ಕೌದಿ ತೆಗೆದ ದಿನವೇ ತೀರ್ಮಾನಿಸಿದೆ: ನಲ್ಲೂರಿಗೆ ಹೋಗಬೇಕು, ಪುಸ್ತಕ ಕೊಡಬೇಕು, ಜೊತೆಗೆ ಒಂದು ಮುಖಪತ್ರ ಇರಬೇಕು. ಮುಖಪತ್ರವಿಲ್ಲದೆ ಲಗತ್ತನ್ನು ಅವರು ಎಂದೂ ಸ್ವೀಕರಿಸಿದವರಲ್ಲ. ಅವರ ಪದ್ಧತಿಯಂತೆ ಇಂಗ್ಲಿಷಿನಲ್ಲಿ, ಕೈಬರಹದಲ್ಲಿ, ಹಾಳೆಯ ಎಡ ಅರ್ಧವನ್ನು ತಿದ್ದುಪಡಿಗೆ ಖಾಲಿ ಬಿಟ್ಟು ಬರೆಯಲು ಕುಳಿತೆ. ಮೊದಲ ವಾಕ್ಯದಲ್ಲಿಯೇ ಸಿಕ್ಕಿಬಿದ್ದೆ. ಈ ಪುಸ್ತಕವನ್ನು ನಾನು ಎಂತಹ ಕಾಲ ಇಟ್ಟುಕೊಂಡಿದ್ದೆ?

ಯಜಮಾನರು ಹೆಗಲ ಮೇಲಿಂದ ಬಗ್ಗಿ ನೋಡಿ, “ಅದ್ಕೇನು ತಲಿ ಕೆಡಿಸ್ಕಂತೀಯ? ಜಸ್ಟ್ ಇಪ್ಪತ್ತಮೂರು ವರ್ಷ ಅಂತ ಬರಿ,” ಎಂದರು.

“ರೀ, ಇದೇನು ಬಸ್ಸಾ?”

ಸಿಂಚನಾ ಮೊಬೈಲಿನಿಂದ ತಲೆಯೆತ್ತದೆ, “ಲಿಟ್ರಲಿ ಅಂತ ಹಾಕು ಮಮ್ಮೀ. ನೀನು ಮಾತ್ರ ಲಿಟ್ರಲಿ ಇಪ್ಪತ್ತಮೂರು ವರ್ಷ ಇಟ್ಕಂಡಿರಾದು,” ಎಂದಳು. ಆ ಪದ ಅವಳ ಬಾಯಲ್ಲಿ ಸರಿಯಾದ ಜಾಗದಲ್ಲಿ ಬಂದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

‘ಫೇರ್ಲಿ’ ಎನ್ನಲು ನನಗೆ ಮುಖವಿರಲಿಲ್ಲ. ‘ಅನ್‌ಡ್ಯೂಲಿ’ ಎಂದರೆ ಇನ್ನೂ ಒಂದು ಮೆಟ್ಟಿಲು ಉಳಿದಿದೆಯೆಂದು ಚೌಕಾಸಿ ಮಾಡಿದಂತೆ. ಕೊನೆಗೆ ಕುರ್ಚಿ ಪ್ರಕರಣದ ನಂತರ ಎಂದೂ ಮುಟ್ಟದಿದ್ದ ಪದವನ್ನು ಬರೆದೆ. ಈ ಬಾರಿ ಅದು ಚೆಂದ ಕಾಣಲಿಲ್ಲ.

ಮೊನ್ನೆ ಎರಡನೆಯ ಶನಿವಾರ ಬೆಳಿಗ್ಗೆ ನ್ಯಾಮತಿಯಿಂದ ಹೊನ್ನಾಳಿ, ಹೊನ್ನಾಳಿಯಿಂದ ಚನ್ನಗಿರಿ, ಅಲ್ಲಿಂದ ನಲ್ಲೂರು, ಹೀಗೆ ಮೂರು ಬಸ್ಸು ಬದಲಿಸಿ ಹೋದೆ. ಅಂಗಡಿ ಸುಲಭವಾಗಿ ಸಿಕ್ಕಿತು. ವೀರಭದ್ರಯ್ಯನವರು ಯಂತ್ರದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಯಾರೋ ತಂದ ಅರ್ಜಿಯೊಂದನ್ನು ಕೆಂಪು ಪೆನ್ಸಿಲಿನಿಂದ ತಿದ್ದುತ್ತಿದ್ದರು. ಕೂದಲು ಪೂರ್ತಿ ಬಿಳಿ. ಪೆನ್ಸಿಲು ಹಿಡಿಯುವ ರೀತಿ ಮಾತ್ರ ಅದೇ. ಆದರೆ ನನ್ನ ಕಣ್ಣು ಮೊದಲು ಬಿದ್ದದ್ದು ಮುಂದಿನ ಗಾಜಿನ ಮೇಜಿನ ಮೇಲೆ. ಅಲ್ಲಿ ಒಂದು ಪೆನ್ನಿತ್ತು. ಅದಕ್ಕೆ ದಾರ ಬಿಗಿದು, ದಾರವನ್ನು ಮೊಳೆಗೆ ಕಟ್ಟಲಾಗಿತ್ತು. ನಾಗರಾಜ ಹೇಳಿದ್ದು ನಿಜ ಎಂದುಕೊಂಡೆ. ಅಲ್ಲಿಂದಲೇ ಹಿಂದಿರುಗಿ ಬಿಡಬೇಕೆನಿಸಿತು. ಹತ್ತಿರದಲ್ಲಿ ಕಬ್ಬಿನ ಹಾಲಿನ ಗಾಡಿಯೂ ಇರಲಿಲ್ಲ.

ಅವರು ತಲೆಯೆತ್ತಿದರು. ಕನ್ನಡಕದ ಮೇಲಿನಿಂದ ನೋಡಿದರು.

“ರತ್ನಮ್ಮಾರೆ. ಬರ್ರಿ, ಬರ್ರಿ. ಬಾ..ಳ ದಿನ ಆತಲ್ರೀ.”

ಆ ‘ಬಾ’ ಎಷ್ಟು ಉದ್ದವಿತ್ತೆಂದು ನಾನು ನನಗರಿವಿಲ್ಲದೆಯೇ ಅಳೆದೆ. ನನ್ನ ತಾಯಿಯ ಲೆಕ್ಕದಲ್ಲಿ ನಾಲ್ಕು ಸಸಿ. ಸಾಲು ಮುಗಿಯುವಷ್ಟಿರಲಿಲ್ಲ.

ನಾನು ಮುಖಪತ್ರವನ್ನು ಮುಂದಿಟ್ಟೆ. ಅವರು ಪುಸ್ತಕದ ಕಡೆ ನೋಡಲಿಲ್ಲ. ಮೊದಲು ಪತ್ರ, ನಂತರ ಲಗತ್ತು. “ಅರ್ಧ ಮಾರ್ಜಿನ್ ಬಿಟ್ಟೀರಿ, ಭೇಷ್,” ಎಂದು ಓದತೊಡಗಿದರು. ಮೊದಲನೆಯ ಸಾಲಿನಲ್ಲಿಯೇ ಪೆನ್ಸಿಲು ನಿಂತಿತು. ‘ಇನಾರ್ಡಿನೇಟ್ಲಿ’ ಎಂಬುದರ ಮೇಲೆ ಒಂದು ಗೆರೆ ಎಳೆದರು. ಖಾಲಿ ಬಿಟ್ಟಿದ್ದ ಎಡಭಾಗದಲ್ಲಿ ಅದೇ ದುಂಡನೆಯ ಅಕ್ಷರದಲ್ಲಿ ಬರೆದರು: ‘ಫೇರ್ಲಿ’.

“ಸರ್, ಇಪ್ಪತ್ತಮೂರು ವರ್ಷ. ಅದು ಹೆಂಗೆ ಫೇರ್ಲಿ ಆಗ್ತೈತೆ?”

“ನಾನು ನಿಮಗೆ ಮೊದಲ್ನೇ ಜ್ಞಾಪನ ಕಳ್ಸಿದೀನಾ?”

“ಇಲ್ಲ ಸರ್.”

“ಎರಡನೇದು?”

“ಇಲ್ಲ.”

“ನಾನು ಒಂದೂ ಕಳಿಸದೆ ನೀವೇ ಹೋಗಿ ಮೂರನೇ ಮೆಟ್ಲು ಹತ್ತಿ ಕುಂತ್ರೆ ಹೆಂಗ್ರೀ? ಕಚೇರಿ ಪದ್ಧತಿ ಅಂತ ಒಂದು ಇಲ್ಲೇನು? ಇಳೀರಿ ಕೆಳಗೆ.”

ನಾನು ನಗಬೇಕೋ ಅಳಬೇಕೋ ತಿಳಿಯದೆ, ಆ ಪೆನ್ನಿಗೆ ಕಟ್ಟಿದ ದಾರವನ್ನೇ ನೋಡುತ್ತಾ, “ನನ್ನಿಂದಲೇ ನೀವು ಯಾರಿಗೂ ಏನೂ ಕೊಡಾಕೆ ಬಿಟ್ಟೀರಂತೆ ಸರ್. ನಾಗರಾಜ ಹೇಳಿದ್ರು,” ಎಂದೆ.

ಒಳಗೆ ಹಾಳೆ ಎಣಿಸುತ್ತಿದ್ದ ಅವರ ಸೊಸೆ ಅಷ್ಟರಲ್ಲಿ ಹೊರಬಂದಳು. “ಯಾರಕ್ಕಾ ಹಂಗಂದಿದ್ದು? ಆ ಪೆನ್ನಿಗೆ ದಾರ ಕಟ್ಟಿದ್ದು ನಾನು. ಇಲ್ದಿದ್ರೆ ಇವ್ರು ಬಂದೋರಿಗೆಲ್ಲ ಪೆನ್ನು ಕೊಟ್ಟು ಕಳಿಸ್ಬಿಡ್ತಾರೆ. ಹೋದ ವಾರ ಸ್ಟೇಪ್ಲರ್ ಯಾರಿಗೋ ಕೊಟ್ಟೌರೆ. ಯಾರಿಗೆ ಅಂತ ಕೇಳಿದ್ರೆ ಒಳ್ಳೆ ಮನುಷ್ಯ ಕಣವ್ವ ಅಂತಾರೆ, ಹೆಸ್ರು ಗೊತ್ತಿಲ್ಲ.”

“ನಾಗರಾಜಗೆ ಮಾತ್ರ ಏನೂ ಕೊಡಂಗಿಲ್ಲ,” ಎಂದರು ವೀರಭದ್ರಯ್ಯನವರು ಗಂಭೀರವಾಗಿ. “ನನ್ನ ಛತ್ರಿ ಒಯ್ದೋನು ಇನ್ನೂ ತಂದಿಲ್ಲ. ಮೂರೂ ಜ್ಞಾಪನ ಹೋಗ್ಯಾವೆ. ಅವಂದು ಇನಾರ್ಡಿನೇಟ್ಲಿ.”

ಆಗ ನಾನು ನಕ್ಕೆ. ಎಷ್ಟು ವರ್ಷಗಳ ನಂತರ ಅಷ್ಟು ನಕ್ಕೆನೆಂಬುದಕ್ಕೆ ನನ್ನ ಬಳಿ ಯಾವ ಭಾಷೆಯ ಪದವೂ ಇಲ್ಲ.

ಪುಸ್ತಕವನ್ನು ಅವರು ಆಮೇಲೆ ಕೈಗೆತ್ತಿಕೊಂಡರು. ಪುಟ ತಿರುವಿದರು, ಮೂಸಿದರು. ಒಂದು ಹಾಳೆಯೂ ಹರಿದಿರಲಿಲ್ಲ. ಕೌದಿಯ ಬೇವಿನ ಸೊಪ್ಪಿನ ವಾಸನೆಯಿತ್ತು. ಕುರ್ಚಿ ಪ್ರಕರಣವನ್ನು ಸೊಸೆಗೆ ನನ್ನ ಬಾಯಿಂದಲೇ ಹೇಳಿಸಿದರು. ನನ್ನ ತಾಯಿಯ ನಾಟಿಯ ಲೆಕ್ಕವನ್ನು ನಾನು ಹೇಳಿದಾಗ, “ಇದು ನನ್ನ ಪುಸ್ತಕದಾಗಿಲ್ಲ ನೋಡ್ರಿ. ಇದನ್ನೆಲ್ಲ ಬರೀರಿ,” ಎಂದರು.

“ನನಗೆ ಪತ್ರ ಬಿಟ್ಟು ಏನೂ ಬರಿಯಾಕೆ ಬರಂಗಿಲ್ಲ ಸರ್.”

“ಪತ್ರದಂಗೇ ಬರೀರಿ. ಕರಡು ಕೈಯಾಗೇ ಇರ್ಲಿ. ಅರ್ಧ ಮಾರ್ಜಿನ್ ಬಿಡ್ರಿ. ಮೆಟ್ಲಿನ ಪುಟ ನೋಡಾಕೆ ಬೇಕಾಗ್ತೈತೆ, ಹಿಡೀರಿ.” ಪುಸ್ತಕವನ್ನು ಒಂದು ಸಲ ಒರೆಸಿ ಮತ್ತೆ ನನ್ನ ಕೈಗೇ ಕೊಟ್ಟರು. “ಎಷ್ಟು ದಿನಕ್ಕೆ?”

“ಎರಡು ದಿನ ಸರ್,” ಎಂದೆ.

ಇಂದು ಸೋಮವಾರ, ಹಬ್ಬದ ರಜೆ, ಎರಡನೆಯ ದಿನ. ಕೆಂಪು ಬೆನ್ನಿನ ಪುಸ್ತಕ ಚೀಲದಲ್ಲಿ ಸಿದ್ಧವಾಗಿದೆ. ಬಾಗಿಲಲ್ಲಿ ನಿಂತು ಯಜಮಾನರು, “ಬೇಗ ಮುಗ್ಸು, ಬಸ್ಸಿಗೆ ಜಸ್ಟ್ ಐದು ನಿಮಿಷ ಐತೆ,” ಎನ್ನುತ್ತಿದ್ದಾರೆ. ಅವರ ಐದು ನಿಮಿಷವೆಂದರೆ ಎಷ್ಟೆಂದು ಬಲ್ಲೆನಾದರೂ ಈ ಬಾರಿ ಅದನ್ನು ನಂಬಿಕೊಂಡು ಕುಳಿತುಕೊಳ್ಳುವಂತಿಲ್ಲ.

ಆದ್ದರಿಂದ ಮಾನ್ಯ ಓದುಗರಲ್ಲಿ ಕೊನೆಯದಾಗಿ ಕೋರುವುದೇನೆಂದರೆ, ಪ್ರತಿ ಹಾಳೆಯ ಎಡ ಅರ್ಧವನ್ನು ತಮಗಾಗಿ ಖಾಲಿ ಬಿಟ್ಟಿದ್ದೇನೆ. ಕಾಗುಣಿತ ತಪ್ಪಿದ್ದಲ್ಲಿ, ವಾಕ್ಯ ಸೊಟ್ಟಗಿದ್ದಲ್ಲಿ, ವಿಷಯಾಂತರ ಅತಿಯಾದಲ್ಲಿ ದಯಮಾಡಿ ಅಲ್ಲಿ ತಿದ್ದಿ ಕಳಿಸಬೇಕು. ‘ಫೇರ್ಲಿ’ ಎಂಬ ಪದವೊಂದನ್ನು ಮಾತ್ರ ಇದ್ದಂತೆ ಬಿಡಿ. ಅದು ಈಗಾಗಲೇ ತಿದ್ದಿ ಬಂದದ್ದು. ತಮ್ಮ ತಿದ್ದುಪಡಿಗಳು ಎಷ್ಟೇ ತಡವಾಗಿ ಬಂದರೂ ಅಡ್ಡಿಯಿಲ್ಲ. ನಾನು ಮೊದಲನೆಯ ಮೆಟ್ಟಿಲಿನಲ್ಲಿಯೇ ಕುಳಿತಿರುತ್ತೇನೆ.

ತಮ್ಮ ವಿಶ್ವಾಸಿ,
ರತ್ನಮ್ಮ

ಲಗತ್ತು: ಇಲ್ಲ. ಪುಸ್ತಕವನ್ನು ಹಿಂದಿರುಗಿಸಲಾಗುತ್ತಿದೆ.